ಲಾಳಿ ದಾಟುವುದರೊಳಗೆ ಉತ್ತರ

ನಮ್ಮ ಓಣಿಯಲ್ಲಿ ಮಗ್ಗದ ಸದ್ದು ನಿಂತಿತೆಂದರೆ ಯಾರೋ ಉತ್ತರ ತಪ್ಪು ಹೇಳಿದ್ದಾರೆ ಎಂದೇ ಅರ್ಥ. ಗಜೇಂದ್ರಗಡದಲ್ಲಿ ಆಗ ಮನೆಗೊಂದು ಮಗ್ಗವಿದ್ದ ಓಣಿಗಳಿಗೆ ಬರವಿರಲಿಲ್ಲ. ಉಳಿದವರ ಮಗ್ಗ ಎಳೆ ಹರಿದರೆ ನಿಲ್ಲುತ್ತಿತ್ತು, ಊಟದ ಹೊತ್ತಿಗೆ ನಿಲ್ಲುತ್ತಿತ್ತು. ನಮ್ಮ ಎದುರು ಮನೆಯ ಕಾಕಾನ ಮಗ್ಗ ಮಾತ್ರ ಹೆಣ್ಣುಮಕ್ಕಳು ಹತ್ತೊಂಬತ್ತರ ಮಗ್ಗಿ ತಪ್ಪಿದಾಗ ನಿಲ್ಲುತ್ತಿತ್ತು. ನನ್ನ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, "ಇವತ್ತ ಸಣ್ಣಾಕಿಗಿ ಐತಿ ಬಿಡು" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ದಡಕ್ ದಡಕ್ ಶುರುವಾದರೆ ನಮ್ಮ ಮನೆಯಲ್ಲೂ ರೊಟ್ಟಿಯ ಸದ್ದು ಶುರುವಾಗುತ್ತಿತ್ತು.

ಕಾಕಾ ತೀರಿಕೊಂಡ ಸುದ್ದಿಯನ್ನು ಊರಿಂದ ಬಂದವರೊಬ್ಬರು ಮೊನ್ನೆ ಹೇಳಿದರು. ಹೇಳಿ, ಚಹಾ ಕುಡಿದು, ಜೋಳದ ಧಾರಣೆಯ ಮಾತಿಗೆ ಹೊರಳಿದರು. ಅವರದೇನೂ ತಪ್ಪಿಲ್ಲ. ಕಾಕಾ ಹಣ್ಣು ಹಣ್ಣು ಮುದುಕರಾಗಿ ಹೋದವರು, ಅಂಥವರಿಗಾಗಿ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಆದರೆ ಬಂದವರು ಎದ್ದುಹೋದ ಮೇಲೆ ನಾನು ಕೂತಲ್ಲೇ ಕೂತಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ನನಗಿಂತ ಹತ್ತು ಪಾಲು ಚೆನ್ನಾಗಿ ಕಲಿಸಬಲ್ಲವಳು ನಮ್ಮ ಎದುರು ಮನೆಯಲ್ಲಿದ್ದಳು. ಅವಳನ್ನು ತಯಾರು ಮಾಡಿದವರು ಈ ಕಾಕಾ.

ಚಿಕ್ಕಂದಿನಲ್ಲಿ ನಾನು ಕಾಕಾನಿಗೆ ಕಾಲೇ ಇಲ್ಲವೆಂದು ತಿಳಿದಿದ್ದೆ. ಯಾವಾಗ ಹೋದರೂ ಅವರು ಸೊಂಟದವರೆಗೆ ಮಗ್ಗದ ಕುಣಿಯಲ್ಲಿ ಇಳಿದಿರುತ್ತಿದ್ದರು. ನೆಲದ ಮೇಲೆ ಕಾಣುತ್ತಿದ್ದದ್ದು ಒಂದು ಬನಿಯನ್, ಎರಡು ಉದ್ದ ಕೈ, ಸದಾ ಏನನ್ನೋ ನೆನೆಯುತ್ತಿರುವ ಹುಬ್ಬು. ಒಂದು ಅಮವಾಸ್ಯೆಗೆ, ಮಗ್ಗ ಹೂಡದ ದಿನ, ಅವರು ನಮ್ಮ ಬಾಗಿಲಿಗೆ ಬಂದು ನಿಂತಾಗ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರವಿದ್ದರು. ನಾನು ಹೆದರಿ ಅವ್ವನ ಹಿಂದೆ ಅಡಗಿದ್ದೆ.

ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನೀಲವ್ವ, ನನ್ನದೇ ವಯಸ್ಸು. ಸಣ್ಣವಳು ಸರೋಜಿ. ಮಗ್ಗಕ್ಕೆ ಅಡ್ಡ ಎಳೆಯ ನೂಲನ್ನು ಸಣ್ಣ ಸಣ್ಣ ಕಂಡಿಕೆಗೆ ಸುತ್ತಿಕೊಡುವುದು ಮಕ್ಕಳ ಕೆಲಸ. ಕಂಡಿಕೆ ಇಲ್ಲದಿದ್ದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿ ಖಾಲಿ, ಲಾಳಿ ಖಾಲಿಯಾದರೆ ಒಲೆ ಖಾಲಿ. ಆದರೂ ಕಾಕಾ ನೀಲಾಳನ್ನು ನನ್ನ ಜೊತೆ ಶಾಲೆಗೆ ಹಾಕಿದ್ದರು. ಹೆಂಡತಿಯನ್ನೇ ನೂಲು ಸುತ್ತುವ ರಾಟಿಗೆ ಕೂಡಿಸಿ, ರೊಟ್ಟಿ ತಡವಾದರೂ ಸಹಿಸಿಕೊಂಡು, ಮಗಳನ್ನು ಕಳಿಸುತ್ತಿದ್ದರು.

ನಾವು ಎರಡನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ಒಂದು ದಿನ, ವಹಿ, ಅಂದರೆ ಬರೆಯುವ ಪುಸ್ತಕ, ತರದವರೆಲ್ಲ ಎದ್ದು ಹೊರಗೆ ನಡೆಯಿರಿ ಎಂದರು. ನೀಲಾ ಹೊರಗೆ ನಿಂತಳು. ಮರುದಿನವೂ ನಿಂತಳು. ಮೂರನೆಯ ದಿನ ಕಾಕಾ ಕುಣಿಯಿಂದ ಎದ್ದು, ಮೈಮೇಲೆ ನೂಲಿನ ಹಿಂಜು ಅಂಟಿದ್ದಂತೆಯೇ ಶಾಲೆಗೆ ಬಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ.

"ಮಾಸ್ತರ, ಹುಡುಗಿ ಓದತಾಳಿಲ್ಲೊ?"

"ಓದತಾಳ. ಚಲೋ ಓದತಾಳ. ಆದರ ವಹಿ ಬೇಕಲ್ಲ."

"ಓದು ತಲಿಯಾಗ ಇರತೈತೋ ವಹಿಯಾಗ ಇರತೈತೋ?"

ಮಾಸ್ತರರು ನಕ್ಕರು. ಹುಡುಗರೂ ನಕ್ಕರು. ಕಾಕಾನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಮಗಳ ಕೈ ಹಿಡಿದು, "ನಡಿಯವಾ, ನಮ್ಮ ಮನ್ಯಾಗೂ ಸಾಲಿ ಐತಿ" ಎಂದು ನಡೆದುಬಿಟ್ಟರು. ಸಿಟ್ಟಿನಲ್ಲಿ ಆಡಿದ ಮಾತು ಅದು. ಬೇರೆ ಯಾರಾದರೂ ಆಗಿದ್ದರೆ ಎರಡು ದಿನ ಬಿಟ್ಟು ಮಗುವನ್ನು ಮತ್ತೆ ಕಳಿಸುತ್ತಿದ್ದರು. ಕಾಕಾ ಆಡಿದ್ದನ್ನು ಹಟಕ್ಕೆ ಬಿದ್ದು ನಡೆಸಿದರು.

ಅವರು ರೋಣದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಆರನೆಯ ಇಯತ್ತೆಯವರೆಗೆ ಓದಿದವರು. ಏಳನೆಯದರ ಕೊನೆಗೆ ಮುಲ್ಕಿ ಪರೀಕ್ಷೆ. ಅದನ್ನು ಪಾಸಾದವರಿಗೆ ಮಾಸ್ತರಿಕೆಯ ಬಾಗಿಲು ತೆರೆಯುತ್ತಿತ್ತು. ಅದಕ್ಕೆ ಕೂಡುವ ಮೊದಲೇ ಅವರ ಅಪ್ಪ ಸತ್ತರು, ಹದಿಮೂರರ ಹುಡುಗ ಕುಣಿಗೆ ಇಳಿದ. ಓದಿದ್ದು ಒಂದಕ್ಷರವೂ ಮರೆತಿರಲಿಲ್ಲ. ಆದರೆ ಮುಲ್ಕಿ ಪರೀಕ್ಷೆ ಹೇಗಿರುತ್ತದೆಂದು ಅವರು ಕಣ್ಣಾರೆ ಕಂಡವರಲ್ಲ. ಈ ಮಾತನ್ನು ಆಗ ಯಾರೂ ಮಹತ್ವದ್ದೆಂದು ಎಣಿಸಲಿಲ್ಲ.

ಮನೆಯ ಶಾಲೆ ನಡೆಯುತ್ತಿದ್ದದ್ದು ಹೀಗೆ. ಕಾಕಾ ಕುಣಿಯಲ್ಲಿ, ಇಬ್ಬರು ಹುಡುಗಿಯರು ಎರಡು ರಾಟಿಗಳ ಮುಂದೆ. ಕೈಗೆ ಬಿಡುವಿಲ್ಲ, ಹಾಗಾಗಿ ಬರೆಯುವ ಮಾತೇ ಇಲ್ಲ. ಎಲ್ಲ ಬಾಯಲ್ಲೇ. ಕಾಕಾ ಲಾಳಿ ಎಸೆಯುವಾಗ ಪ್ರಶ್ನೆ ಎಸೆಯುತ್ತಿದ್ದರು.

"ಒಂದ ಸೀರಿಗಿ ಹದಿನಾಲ್ಕ ಕಂಡಿಕಿ ಹಿಡದರ ಇಪ್ಪತ್ತಮೂರ ಸೀರಿಗಿ?"

"ಮೂರನೂರಾ ಇಪ್ಪತ್ತೆರಡು!"

"ಹ್ಯಾಂಗ ಬಂತು ಅಂತ ನನಗ ಹೇಳಬ್ಯಾಡ, ಬಂತಿಲ್ಲೊ, ಸಾಕು. ಲಾಳಿ ಆ ಕಡಿ ದಾಟೂದ್ರಾಗ ಉತ್ತರ ಬಂದಿರಬೇಕು. ಕೇಳಿದಷ್ಟ ಹೇಳು, ಹೆಚ್ಚಿಗಿ ಒಂದ ಮಾತ ಬ್ಯಾಡ. ಮಾತಾಡಿದ್ರ ಎಳಿ ಹರೀತೈತಿ."

ನೀಲಾ ಉತ್ತರ ಹೇಳುವಾಗ ರಾಟಿಯಿಂದ ಕಣ್ಣೆತ್ತುತ್ತಿರಲಿಲ್ಲ. ಶಾಲೆ ಮುಗಿಸಿ ನಾನು ಅಲ್ಲಿಗೆ ಹೋಗಿ ಕೂತರೆ ಕಾಕಾ ನನಗೂ ಒಂದೆರಡು ಪ್ರಶ್ನೆ ಬಿಸಾಡುತ್ತಿದ್ದರು. ನಾನು ಬೆರಳು ಮಡಚಿ, ತುಟಿ ಕಚ್ಚಿ, ಪಾಟಿಯ ಮೇಲೆ ಬರೆದು ಅಳಿಸಿ ಉತ್ತರ ಹುಡುಕುವಷ್ಟರಲ್ಲಿ ಸರೋಜಿ ಕೂಡ ಹೇಳಿ ಮುಗಿಸಿ ಕಿಸಕ್ಕೆಂದು ನಗುತ್ತಿದ್ದಳು. "ನೀವು ಭಾಳ ದೊಡ್ಡ ಸಾಲಿಯವರು, ನಿಮಗ ಪುರಸತ್ತು ಇರತೈತಿ" ಎಂದು ಕಾಕಾ ನನ್ನ ಕಾಲೆಳೆಯುತ್ತಿದ್ದರು.

ಪುಸ್ತಕಕ್ಕೆ ನಮ್ಮ ಅಪ್ಪನ ಕಿರಾಣಿ ಅಂಗಡಿಯೇ ಗತಿ. ಪುಡಿಕೆ ಕಟ್ಟಲು ಅಪ್ಪ ರದ್ದಿ ಕಾಗದ ತರಿಸುತ್ತಿದ್ದ. ಅದರಲ್ಲಿ ಹಳೆಯ ಪತ್ರಿಕೆ, ಯಾರೋ ಓದಿ ಬಿಸಾಡಿದ ಶಾಲೆಯ ಪುಸ್ತಕ, ಎಲ್ಲ ಇರುತ್ತಿದ್ದವು. ಕಾಕಾ ಬೆಲ್ಲಕ್ಕೆ ಬಂದರೆ ಬೆಲ್ಲ ನೋಡುತ್ತಿರಲಿಲ್ಲ, ಕಾಗದ ನೋಡುತ್ತಿದ್ದರು. "ಸಾವ್ಕಾರ್ರ, ಇದು ಜಾಹೀರಾತು ಐತ್ರಿ. ಬ್ಯಾರೆ ಹಾಳ್ಯಾಗ ಕಟ್ಟಿಕೊಡ್ರಿ, ಭೂಗೋಳದ್ದು ಇದ್ದರ ನೋಡ್ರಿ." ಒಮ್ಮೆ ಒಂದು ಕಥೆಯ ಅರ್ಧ ಹಾಳೆ ಸಿಕ್ಕಿ, ಮುಂದಿನ ಹಾಳೆಗಾಗಿ ವಾರಗಟ್ಟಲೆ ಅಂಗಡಿಗೆ ಅಲೆದರು. ಅದು ಅಷ್ಟರಲ್ಲಿ ಯಾರ ಮನೆಗೋ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋಗಿತ್ತು. ಕೊನೆಗೆ ತಾವೇ ಒಂದು ಕೊನೆ ಕಟ್ಟಿ ಮಕ್ಕಳಿಗೆ ಹೇಳಿದರು. ಮುಂದೆ ಎಷ್ಟೋ ವರ್ಷಕ್ಕೆ ನಾನು ಆ ಕಥೆಯನ್ನು ಪೂರ್ತಿ ಓದಿದೆ. ಕಾಕಾನ ಕೊನೆಯೇ ಮೇಲು.

ಆ ಹಾಳೆಗಳನ್ನು ಎಣ್ಣೆ ಒರೆಸಿ, ಒತ್ತಿ, ಹಾಸಿಗೆಯ ಅಡಿಗೆ ಇಡುತ್ತಿದ್ದರು. ಬರೆಯುವ ರೂಢಿಗೆ ಮಾತ್ರ ಸುಣ್ಣದ ಗೋಡೆ ಮತ್ತು ಇದ್ದಿಲು. ಅಕ್ಷರ, ಊರಿನ ಹೆಸರು, ಅಂಕಿ, ಇಷ್ಟೇ. ವರ್ಷಕ್ಕೊಮ್ಮೆ ದೀಪಾವಳಿಗೆ ಕಾಕು, ಅಂದರೆ ಕಾಕಾನ ಹೆಂಡತಿ, ಗೋಡೆಗೆ ಸುಣ್ಣ ಬಳಿದಾಗ ವರ್ಷದ ಬರಹವೆಲ್ಲ ಅದರಡಿಗೆ ಹೋಗುತ್ತಿತ್ತು. "ಗ್ವಾಡಿ ಮ್ಯಾಲಿಂದು ಹೋದರ ಹೋಗಲಿ, ನಿಮ್ಮ ಅಪ್ಪ ತಲಿಯಾಗ ಹೆಟ್ಟಿದ್ದು ಹೋಗಾಂಗಿಲ್ಲ" ಎಂದು ಆಕೆ ನಗುತ್ತಿದ್ದಳು. ಕಡಿಮೆ ಮಾತಿನ ಹೆಂಗಸು. ನಗುತ್ತಿದ್ದದ್ದು ಇಂಥ ವಿಷಯಕ್ಕೆ ಮಾತ್ರ.

ಅಮವಾಸ್ಯೆಗೆ ಕಾಕಾ ಮಕ್ಕಳನ್ನು ಕೋಟೆಯ ಗುಡ್ಡಕ್ಕೆ ಕರೆದೊಯ್ಯುತ್ತಿದ್ದರು. ನಾನೂ ಬೆನ್ನು ಹತ್ತುತ್ತಿದ್ದೆ. ತುದಿಯಲ್ಲಿ ನಿಂತು ಕೈ ಚಾಚಿ, "ಅದು ರೋಣ. ಅದರಾಚಿಗಿ ಹೊಳಿ, ಹೊಳಿ ದಂಡಿಗಿ ಮೆಣಸಗಿ. ಆ ಮೂಲ್ಯಾಗ ನರಗುಂದದ ಗುಡ್ಡ, ಕಾಣತೈತಿಲ್ಲೊ?" ಎನ್ನುತ್ತಿದ್ದರು. ನೀಲಾ, ಸರೋಜಿ ಇಬ್ಬರೂ ಕಾಣುತ್ತದೆ ಎನ್ನುತ್ತಿದ್ದರು. ನರಗುಂದದ ಗುಡ್ಡ ನಮ್ಮ ಗುಡ್ಡದಿಂದ ಇವತ್ತಿನವರೆಗೆ ಯಾರಿಗೂ ಕಂಡದ್ದಿಲ್ಲ. ನಾನು ಕಾಣುವುದಿಲ್ಲ ಎಂದಾಗ ಕಾಕಾ, "ನಿಮ್ಮ ಸಾಲ್ಯಾಗ ನಕಾಶಿ ಇರತೈತಿ, ನಿನಗ ಯಾಕ ಕಾಣಬೇಕು?" ಎಂದು ತಲೆ ಸವರಿದರು.

ಸಿಟ್ಟಿನಿಂದ ಹುಟ್ಟಿದ ಶಾಲೆ ಹೀಗೆ ಐದಾರು ವರ್ಷ ನಡೆಯಿತು. ಅಷ್ಟರಲ್ಲಿ ನೀಲಾ ದೊಡ್ಡವಳಾದಳು. ಆಗ ಇಳಕಲ್ಲಿನಿಂದ ಕಾಕುವಿನ ತಮ್ಮ ಬಂದ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು. ಅವನ ಹೆಂಡತಿ ಬಾಣಂತನದಲ್ಲಿ ಸತ್ತಿದ್ದಳು. ಮನೆಯಲ್ಲಿ ನಾಲ್ಕು ಮಗ್ಗ, ಕಂಡಿಕೆ ಸುತ್ತುವ ಕೈ ಒಂದೂ ಇಲ್ಲ. ಕೆಟ್ಟವನೇನಲ್ಲ ಪಾಪ, ಬೀಡಿ ಕೂಡ ಸೇದದ ಮನುಷ್ಯ. ನೀಲಾಳನ್ನು ಕೊಡಿರಿ ಎಂದು ಕೇಳಿದ.

ಕಾಕಾ ಮಗ್ಗ ನಿಲ್ಲಿಸದೆಯೇ ಉತ್ತರ ಕೊಟ್ಟರು. "ಆಕಿ ಮುಲ್ಕಿ ಕಟ್ಟತಾಳ. ಹೊರಗಿಂದ ಕಟ್ಟಾಕ ಬರತೈತಿ, ಕೇಳೇನಿ. ಪಾಸಾದರ ಧಾರವಾಡದಾಗ ಟ್ರೇನಿಂಗ. ಆಮ್ಯಾಲ ಆಕಿ ಬಾಯಿ."

"ಬಾಯಿ" ಎಂದರೆ ನಮ್ಮಲ್ಲಿ ಶಾಲೆಯ ಶಿಕ್ಷಕಿ. ಕಾಕುವಿನ ತಮ್ಮ ತನ್ನ ಅಕ್ಕನ ಮುಖ ನೋಡಿದ. ಆಕೆ ನೆಲ ನೋಡುತ್ತಿದ್ದಳು.

"ಹಂಗಾರ ಒಂದ ಮಾತಾಗಲಿ ಭಾವ," ಅವನು ಹೇಳಿದ. "ಪಾಸಾದರ ನಾ ಕೇಳಾಂಗಿಲ್ಲ. ನಾಪಾಸಾದರ ನೀವು ಇಲ್ಲ ಅನಬಾರದು. ನನಗೂ ಎಷ್ಟ ದಿನ ಕಾಯಾಕ ಆಗತೈತಿ?"

"ಆತು" ಎಂದರು ಕಾಕಾ. ಅಷ್ಟು ಸಲೀಸಾಗಿ ಹೇಳಿದರು. ನೀಲಾ ನಾಪಾಸಾಗಬಹುದು ಎಂಬ ಮಾತು ಅವರ ತಲೆಯೊಳಗೆ ಹೋಗಲು ಜಾಗವೇ ಇರಲಿಲ್ಲ. ನಮ್ಮ ತಲೆಯೊಳಗೂ ಇರಲಿಲ್ಲ. ಓಣಿಯ ಲೆಕ್ಕದಲ್ಲಿ ನಾಪಾಸಾಗಬೇಕಾದವಳು ನಾನು.

ಪರೀಕ್ಷೆಗೆ ಮುಂಚೆ ಅಪ್ಪ ಅವಳಿಗೆ ಅದ್ದಿ ಬರೆಯುವ ಒಂದು ಟಾಕು, ಒಂದು ಮಸಿ ಕುಡಿಕೆ ಕೊಟ್ಟ. ಕಾಗದ ಕೊಡಲು ಹೋದರೆ ಕಾಕಾ ಬೇಡವೆಂದರು. ಪುಡಿಕೆಯ ಹಾಳೆಗಳ ಅಂಚಿನಲ್ಲಿ ಇರುವ ಖಾಲಿ ಜಾಗದಲ್ಲಿ ನೀಲಾ ಮಸಿಯಲ್ಲಿ ಬರೆಯುವುದನ್ನು ರೂಢಿಸಿಕೊಂಡಳು. ಜಾಗ ಕಡಿಮೆ, ಹಾಗಾಗಿ ಅಕ್ಷರ ರಾಗಿ ಕಾಳಿನಷ್ಟು. ಮುತ್ತಿನಂಥ ಅಕ್ಷರ ಎಂದು ಎಲ್ಲರೂ ಹೊಗಳಿದೆವು. ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿ ಬರೆಯುವುದು ಶಾಲೆಗೆ ಹೋಗುವ ನಮಗೆ ಉಸಿರಾಡಿದಷ್ಟು ಸಹಜ. ಅದನ್ನು ಇನ್ನೊಬ್ಬರಿಗೆ ಹೇಳಿಕೊಡಬೇಕೆಂದು ಯಾರಿಗೆ ಹೊಳೆಯುತ್ತದೆ?

ರೋಣದಲ್ಲಿ ಪರೀಕ್ಷೆ. ಅಪ್ಪ, ನಾನು, ಕಾಕಾ, ನೀಲಾ ನಾಲ್ವರೂ ಮೋಟಾರಿನಲ್ಲಿ ಹೋಗಿ ಅಪ್ಪನ ಪರಿಚಯದವರ ಪಡಸಾಲೆಯಲ್ಲಿ ಇಳಿದುಕೊಂಡೆವು. ಮೊದಲ ದಿನ ಗಣಿತ. ನನಗೂ ನೀಲಾಳಿಗೂ ಬೇರೆ ಬೇರೆ ಕೋಣೆ. ನಾನು ಬೆವರು ಸುರಿಸಿ, ಹಾಳೆ ಮೇಲೆ ಹಾಳೆ ಕೇಳಿ, ಗುಣಿಸಿ ಭಾಗಿಸಿ, ಬಂದ ಉತ್ತರ ನೋಡಿ ನನಗೇ ನಗು ಬಂದು, ಗಂಟೆ ಬಾರಿಸಿದ ಮೇಲೆ ಹೊರಗೆ ಬಂದೆ. ನೀಲಾ ಬೇವಿನ ಗಿಡದ ಕೆಳಗೆ ತನ್ನ ಅಪ್ಪನ ಪಕ್ಕ ಕೂತು ಶೇಂಗಾ ತಿನ್ನುತ್ತಿದ್ದಳು. ಅವಳು ಹೊರಗೆ ಬಂದು ಎಷ್ಟೋ ಹೊತ್ತಾಗಿತ್ತು.

ಕಾಕಾನ ಮುಖ ಅಷ್ಟು ಅರಳಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ಎಲ್ಲಾರಕಿಂತ ಮೊದಲ ಬಂದ್ಲು ನೋಡ್ರಿ ಸಾವ್ಕಾರ್ರ! ಒಂದ ಲೆಕ್ಕ ಬಿಟ್ಟಿಲ್ಲ. ನಾ ಎಲ್ಲಾ ಕೇಳಿ ನೋಡೇನಿ, ಒಂದೂ ತಪ್ಪಿಲ್ಲ."

"ಹಾಳೀನೂ ಹಾಳ ಮಾಡಿಲ್ಲಪಾ," ನೀಲಾ ಮೆಲ್ಲಗೆ ಹೇಳಿದಳು. "ಒಂದ ಮಗ್ಗಲದಾಗ ಎಲ್ಲಾ ಹಿಡೀತು. ಉಳದದ್ದು ಹಂಗ ತಿರುಗಿ ಕೊಟ್ಟು ಬಂದೆ."

ಪಕ್ಕದಲ್ಲಿ ಮೆಣಸಗಿಯ ಮಾಸ್ತರರೊಬ್ಬರು ತಮ್ಮ ಹುಡುಗರನ್ನು ಕರೆತಂದು ನಿಂತಿದ್ದರು. ಈ ಮಾತು ಕೇಳಿ ತಿರುಗಿದರು.

"ರೀತಿ ಬರದೀಯಿಲ್ಲವಾ?"

"ರೀತಿ ಅಂದ್ರ ಏನ್ರಿ?"

"ಲೆಕ್ಕ ಹ್ಯಾಂಗ ಮಾಡಿದಿ ಅಂತ. ಮೊದಲ ಇಷ್ಟಕ್ಕ ಇಷ್ಟು ಗುಣಿಸಿದೆ, ಆಮ್ಯಾಲ ಇದನ್ನ ಕಳದೆ, ಹಿಂಗ ಬರೀಬೇಕಲ್ಲ?"

"ಅದನ್ನ ಅವರು ಕೇಳಿರಲಿಲ್ಲರಿ. ಎಷ್ಟು ಅಂತ ಕೇಳಿದ್ರು, ಇಷ್ಟು ಅಂತ ಬರದೆ."

ಮಾಸ್ತರರು ಕಾಕಾನ ಕಡೆ ನೋಡಿದರು. "ಖರೇ ಹೇಳಬೇಕಂದ್ರ, ಉತ್ತರಕ್ಕ ಮಾರ್ಕ್ಸ ಕಡಿಮಿ ಇರತಾವ್ರಿ. ರೀತಿಗೇ ಹೆಚ್ಚು. ಬರೇ ಉತ್ತರ ಇದ್ದರ ಬಾಜೂದವರದು ನೋಡಿ ಬರದಾರ ಅಂತಾರ. ಇರಲಿ, ನೋಡೂಣು" ಎಂದು ತಮ್ಮ ಹುಡುಗರ ಕಡೆ ಹೋದರು. ನನ್ನ ಅಪ್ಪ, ಉತ್ತರ ಸರಿ ಇದ್ದ ಮೇಲೆ ಮಾರ್ಕು ಕೊಡದೆ ಎಲ್ಲಿ ಹೋಗುತ್ತಾರೆ ಎಂದು ಏನೇನೋ ಸಮಾಧಾನ ಹೇಳಿದ. ಕಾಕಾ ಕೇಳಿಸಿಕೊಳ್ಳಲಿಲ್ಲ. ಅಂಗೈಯಲ್ಲಿದ್ದ ಶೇಂಗಾ ನೆಲಕ್ಕೆ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

ಮರುದಿನ ಇತಿಹಾಸ, ಭೂಗೋಳ, ಕನ್ನಡ. ಗಣಿತ ಹೋದರೂ ಇವುಗಳಲ್ಲಿ ಎಳೆದುಕೊಂಡು ಒಟ್ಟಿನ ಮೇಲೆ ದಾಟಬಹುದು ಎಂದು ಅಪ್ಪ ಲೆಕ್ಕ ಹಾಕಿದ. ಅವತ್ತು ಆ ಪಡಸಾಲೆಯಲ್ಲಿ, ಐದಾರು ವರ್ಷ ಕಲಿಸಿದ್ದನ್ನು ಕಾಕಾ ಒಂದು ಸಂಜೆಯಲ್ಲಿ ಬಿಡಿಸಲು ಕೂತರು.

"ಮಲಪ್ರಭಾ ಹೊಳಿ ಬಗ್ಗೆ ಹೇಳವಾ."

"ಸಹ್ಯಾದ್ರಿಯಾಗ ಹುಟ್ಟಿ ಕೃಷ್ಣಾಕ್ಕ ಕೂಡತೈತಿ."

"ಇನ್ನೂ ಹೇಳು."

"ದಂಡಿಗಿ ಮೆಣಸಗಿ ಐತಿ."

"ಇನ್ನೂ."

"ಮಳಿಗಾಲದಾಗ ದಂಡಿ ಮ್ಯಾಲಿನ ಹೊಲಕ್ಕ ನೀರ ನುಗ್ಗತೈತಿ."

"ಹಾಂ, ಹಂಗ! ಇನ್ನೂ ಹೇಳು."

"ಎಲ್ಲಾ ಹೇಳೇನಲ್ಲಪಾ."

"ಹೇಳಿದ್ದನ್ನ ಹಿಗ್ಗಿಸಿ ಹೇಳು. ಭಾಳ ದೊಡ್ಡ ಹೊಳಿ, ಭಾಳ ಚಲೋ ಹೊಳಿ, ರೈತರಿಗಿ ತಾಯಿ ಇದ್ದಾಂಗ, ಏನರ ಸೇರಸು. ಒಂದ ಹಾಳಿ ತುಂಬಬೇಕವಾ."

ನೀಲಾ ಬಾಯಿ ತೆರೆದಳು, ಮುಚ್ಚಿದಳು. ಅವಳ ಕಣ್ಣು ತುಂಬಿಬಂದವು. "ಸೇರಿಸಿದರ ಅದು ಕೇಳಿದ್ದಕಿಂತ ಹೆಚ್ಚಾಗತೈತಲ್ಲಪಾ. ಹೆಚ್ಚಿಗಿ ಹೇಳಬ್ಯಾಡ ಅಂತ ನೀನ ಹೇಳೀದಿ."

"ನಾ ಹೇಳಿದ್ದನ್ನ ಇವತ್ತ ಒಂದಿನ ಮರೀ ನನ್ನವ್ವ, ನಿನ್ನ ಕಾಲ ಬೀಳತೀನಿ."

ಅಪ್ಪನಾದವನು ಮಗಳಿಗೆ ಹಾಗೆ ಅನ್ನಬಾರದು. ನೀಲಾ ಗಟ್ಟಿಯಾಗಿ ಅತ್ತಳು. ನನ್ನ ಅಪ್ಪ ಎದ್ದು ಹೊರಗೆ ಹೋದ. ನಾನು ನನ್ನ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಕೂತೆ. ಆಮೇಲೆ ನೀಲಾ ಪಾಪ ಪ್ರಯತ್ನಪಟ್ಟಳು. ಹೊಳೆಯ ಬಗ್ಗೆ ಹೇಳಿದ್ದನ್ನೇ ಮೂರು ಸಲ ಹೇಳಿದಳು. ಪ್ರತಿಸಲ ಅವಳ ಮಾತು ಇನ್ನಷ್ಟು ಗಿಡ್ಡವಾಗುತ್ತಿತ್ತು.

ಮರುದಿನ ಅವಳು ಕೊನೆಯ ಗಂಟೆಯವರೆಗೂ ಒಳಗೇ ಇದ್ದಳು. ಹೊರಗೆ ಬಂದಾಗ ಬೆರಳಿಗೆ ಮಸಿ ಮೆತ್ತಿತ್ತು, ಅದನ್ನು ಕಾಕಾ ತಮ್ಮ ಧೋತರದ ಚುಂಗಿನಿಂದ ಒರೆಸಿದರು. ಊರಿಗೆ ಮರಳುವ ಮೋಟಾರಿನಲ್ಲಿ, ಅಷ್ಟು ಹೊತ್ತು ಒಳಗೆ ಏನು ಮಾಡಿದೆ ಎಂದು ನಾನು ಕೇಳಿದೆ. "ಖಾಲಿ ಹಾಳಿ ನೋಡಿಕೋತ ಕೂತಿದ್ದೆ" ಎಂದಳು.

ಫಲಿತಾಂಶ ಬಂದಾಗ ನನ್ನ ನಂಬರಿತ್ತು, ಅವಳದಿರಲಿಲ್ಲ. ಕಾಕಾ ಒಬ್ಬರೇ ರೋಣಕ್ಕೆ ಹೋದರು. ಕಚೇರಿಯಲ್ಲಿ ಯಾರನ್ನೋ ಹಿಡಿದು, ಉತ್ತರ ಯಾವುದು ತಪ್ಪಿತ್ತು ತೋರಿಸಿರಿ ಎಂದರಂತೆ. ಅವರು ಹುಡುಕಿಸಿ, ಉತ್ತರವೆಲ್ಲ ಸರಿ ಇವೆ, ಆದರೆ ಎಲ್ಲಿಂದ ಬಂದವು ಎಂದು ಕೇಳಿದರಂತೆ. "ಆಕಿ ತಲಿಯಿಂದ ಬಂದ್ವರಿ" ಎಂದರಂತೆ ಕಾಕಾ. ಕಚೇರಿಯವರು ನಕ್ಕರೋ ಬೈದರೋ ನನಗೆ ಗೊತ್ತಿಲ್ಲ. ಕಾಕಾ ಇಷ್ಟನ್ನು ನನ್ನ ಅಪ್ಪನಿಗೆ ಹೇಳಿ, ಅಂಗಡಿಯ ಕಟ್ಟೆಯಿಂದ ಎದ್ದು ಹೋದರು. ಅವತ್ತು ಅವರು ಏನೂ ಕೊಳ್ಳಲಿಲ್ಲ.

ಇನ್ನೊಂದು ವರ್ಷ ಕಟ್ಟಿಸಿರಿ, ಎಂದು ಅಪ್ಪ ಹೇಳಿದ. ರೀತಿ ಬರೆಯುವುದನ್ನು ನಾನೇ ಕಲಿಸುತ್ತೇನೆ ಎಂದು ನಾನೂ ಕುಣಿದೆ. ಆದರೆ ಕಾಕಾ ಮಾತು ಕೊಟ್ಟಿದ್ದರು. ಇಳಕಲ್ಲಿನಿಂದ ಕಾಕುವಿನ ತಮ್ಮ ಕೇಳಲು ಬರುವ ಮೊದಲೇ ಅವರೇ ಹೇಳಿಕಳಿಸಿದರು. ಕಾಕು ಒಂದೇ ಮಾತು ಆಡಿದಳು: "ಅವ ಏನ ಬ್ಯಾರೆಯವನಲ್ಲ." ಯಾರಿಗೆ ಸಮಾಧಾನ ಹೇಳಿದಳೋ ತಿಳಿಯಲಿಲ್ಲ.

ಮದುವೆಯ ದಿನ ಅರಿಷಿಣ ಹಚ್ಚಿಕೊಂಡು ಕೂತಿದ್ದ ನೀಲಾ ನನ್ನನ್ನು ಹತ್ತಿರ ಕರೆದಳು. "ಉತ್ತರ ಎಲ್ಲಾ ಸರಿ ಇದ್ದವಂತ, ಹೌದಿಲ್ಲೊ?" ಎಂದು ಕೇಳಿದಳು. ಹೌದು ಎಂದೆ. "ಅಪ್ಪಗ ಅದನ್ನ ಆಗಾಗ ಹೇಳತಿರು" ಎಂದಳು. ಹದಿನಾಲ್ಕು ತುಂಬಿ ಹದಿನೈದಕ್ಕೆ ಬಿದ್ದ ಹುಡುಗಿ. ಇಳಕಲ್ಲಿನಲ್ಲಿ ನಾಲ್ಕು ಮಗ್ಗಗಳಿಗೆ ಕಂಡಿಕೆ ಸುತ್ತುತ್ತ ಅವಳ ಬದುಕು ಕಳೆಯಿತು.

ಆಮೇಲೆ ಕಾಕಾನ ಮಗ್ಗ ನಿಲ್ಲುವುದೇ ನಿಂತುಹೋಯಿತು. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ದಡಕ್ ದಡಕ್. ಓಣಿಯವರು, ಈಗ ಕಾಕಾ ನೆಟ್ಟಗೆ ದುಡಿಯಹತ್ತಿದರು, ಸೀರೆ ಲಗೂ ಇಳಿಯುತ್ತಿವೆ ಎಂದು ಆಡಿಕೊಂಡರು. ಸರೋಜಿ ರಾಟಿಯ ಮುಂದೆ ಕೂತು ಕೆಲವು ದಿನ, "ಅಪ್ಪಾ, ಏನರ ಕೇಳು" ಎಂದು ಗೋಗರೆದಳು. ಕಾಕಾ ಕೇಳಲಿಲ್ಲ. ಶಾಲೆಗೆ ಹಾಕಲು ಹೋದರೆ ಅವಳ ವಯಸ್ಸು ನೋಡಿ, ವಹಿಯಲ್ಲಿ ಒಂದಕ್ಷರ ಬರೆದ ಗುರುತಿಲ್ಲದ್ದು ನೋಡಿ, ಸಣ್ಣ ಮಕ್ಕಳ ಜೊತೆ ಕೂಡಿಸಿದರು. ಅವಳು ನಾಚಿಕೆಪಟ್ಟು ಮರುದಿನ ಹೋಗಲಿಲ್ಲ. ಮೂರೇ ತಿಂಗಳಲ್ಲಿ ಹತ್ತೊಂಬತ್ತರ ಮಗ್ಗಿಯೂ ಅವಳಿಗೆ ತೊದಲುತ್ತಿತ್ತು.

ನಾನು ಧಾರವಾಡಕ್ಕೆ ಟ್ರೇನಿಂಗಿಗೆ ಹೋದೆ. ನೀಲಾಳಿಗಾಗಿ ಕಾಕಾ ಕನಸಿನಲ್ಲಿ ಹಿಡಿದಿಟ್ಟಿದ್ದ ಜಾಗದಲ್ಲಿ ಹೋಗಿ ಕೂತೆ. ಮೊದಲ ರಜೆಗೆ ಊರಿಗೆ ಬಂದಾಗ ಎದುರು ಮನೆಗೆ ಹೋದೆ. ಕಾಕಾ ನನ್ನನ್ನು ಕಂಡು ಕೈ ನಿಧಾನ ಮಾಡಿದರು.

"ಬಾಯಾರು ಬಂದ್ರ್ಯಾ? ಅಲ್ಲಿ ಏನ ಕಲಸತಾರವಾ ನಿಮಗ?"

ಎಷ್ಟೋ ತಿಂಗಳ ಮೇಲೆ ಕಾಕಾ ಒಂದು ಪ್ರಶ್ನೆ ಕೇಳಿದ್ದರು. ನನಗೆ ಹಿಗ್ಗಾಯಿತು. ಆಗ ಮೂಲಶಿಕ್ಷಣ ಎಂಬ ಪದ್ಧತಿ ಬಂದಿತ್ತು, ನಮಗೆ ಅದನ್ನೇ ಉರು ಹೊಡೆಸುತ್ತಿದ್ದರು. ನಾನು ಹೊಸದಾಗಿ ಕಲಿತದ್ದನ್ನೆಲ್ಲ ಒದರಿಬಿಟ್ಟೆ. ಮಕ್ಕಳ ಕೈಗೆ ಒಂದು ಕಸುಬು ಕೊಡಬೇಕು, ತಕಲಿಯಲ್ಲಿ ನೂಲು ತೆಗೆಯುತ್ತಲೇ ಲೆಕ್ಕ ಕಲಿಸಬೇಕು, ಪುಸ್ತಕದ ಮೇಲೆ ಭಾರ ಹಾಕಬಾರದು, ಬಾಯಿಲೆಕ್ಕ ಗಟ್ಟಿ ಮಾಡಬೇಕು, ಭೂಗೋಳವನ್ನು ಊರ ಗುಡ್ಡ ಹತ್ತಿಸಿ ತೋರಿಸಬೇಕು. ಮಾತಿನ ಭರದಲ್ಲಿ ನನಗೆ ಏನು ಹೇಳುತ್ತಿದ್ದೇನೆ ಎಂಬ ಎಚ್ಚರವೇ ಇರಲಿಲ್ಲ. ಕಾಕಾನ ಕೈ ಪೂರ್ತಿ ನಿಂತ ಮೇಲೆ ನಾನೂ ನಿಲ್ಲಿಸಿದೆ. ಒಳಗೆ ಕಾಕು ಜೋಳ ಹಸನು ಮಾಡುವುದನ್ನು ಬಿಟ್ಟು ಬಾಗಿಲಿಗೆ ಬಂದಿದ್ದಳು.

"ಹಿಂಗ ಅಂತ ಪುಸ್ತಕದಾಗ ಬರದಾರ?" ಕಾಕಾ ಕೇಳಿದರು.

"ಹೌದು ಕಾಕಾ."

"ಹಂಗಾರ ನಾ ಕಲಿಸಿದ್ದು ಖರೇ ಇತ್ತು?"

ನನಗೆ ಅವರನ್ನು ಸಂತೋಷಪಡಿಸುವ ಆಸೆ. ಇಡೀ ತಾಲೂಕಿನಲ್ಲಿ ಹಾಗೆ ಕಲಿಸಿದವರು ನೀವೊಬ್ಬರೇ ಕಾಕಾ, ಎಂದೆ.

ಅವರು ಎರಡೂ ಕೈಯನ್ನು ಮಗ್ಗದ ಮೇಲೆ ಚೆಲ್ಲಿ, ನನ್ನನ್ನು ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ.

"ಇಷ್ಟ ದಿನ ತಪ್ಪು ನಂದ ಅಂತ ತಿಳಕೊಂಡು ಹ್ಯಾಂಗೋ ಇದ್ದೆನವಾ," ಎಂದರು. "ಈಗ ನಾ ಹ್ಯಾಂಗ ಇರ್ಲಿ?"